ವಿಟ್ಲಾಕ್ ದೊರೆಯ ಮೊಮ್ಮಗ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲೇ ಆಟೋ ನಿಲ್ಲಿಸಿ ಸುಭದ್ರಮ್ಮ ಇಳಿದುಬಿಟ್ಟರು. ತಮ್ಮನ ಮನೆಯ ಬೀದಿಗೆ ಅಡ್ಡಲಾಗಿ ಶಾಮಿಯಾನ ಕಟ್ಟುತ್ತಿದ್ದರು. ಮೊಣಕಾಲಿನ ನೋವನ್ನೂ ಮರೆತು, ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರು.

ಆದಿನಾರಾಯಣನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ಎದೆನೋವು ಎಂದು ಎದ್ದು ಕುಳಿತವನು ಆಸ್ಪತ್ರೆ ಸೇರುವ ಮೊದಲೇ ಹೋಗಿದ್ದ. ಈ ಮುಖವನ್ನು ನೋಡಿ ಸುಭದ್ರಮ್ಮನಿಗೆ ಎರಡು ವರ್ಷವಾಗಿತ್ತು. ಕೆನ್ನೆ ಇಷ್ಟೊಂದು ಒಳಗೆ ಹೋಗಿದ್ದು ಯಾವಾಗ ಎಂದು ಅವರಿಗೆ ಗೊತ್ತೇ ಇರಲಿಲ್ಲ.

"ಬಂದ್ರಾ ಅತ್ತಿಗೆ," ಎಂದಳು ತಲೆದೆಸೆಯಲ್ಲಿ ಕುಳಿತಿದ್ದ ಅವನ ಹೆಂಡತಿ ಯಮುನಾ. "ಮೊನ್ನೆ ತಾನೆ ನಿಮ್ ಮಾತೆತ್ತಿದ್ರು. ಈ ಸಲ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಹೋಗೇ ಹೋಗ್ತೀನಿ, ಬಾಗಿಲು ತೆಗೀದಿದ್ರೆ ಜಗಲಿ ಮೇಲೆ ಕೂತಿರ್ತೀನಿ ಅಂದ್ರು."

ಸುಭದ್ರಮ್ಮ ತಮ್ಮನ ಕಾಲಿನ ಹತ್ತಿರ ಕುಸಿದರು. "ಆ ಬಿಳಿಯನ ಹುಚ್ಚು ಇವನಿಗೆ ಯಾಕಾದ್ರೂ ಹಿಡೀತೋ," ಎಂದು ಆ ಪಾದಗಳನ್ನು ಹಿಡಿದುಕೊಂಡರು.

*

ಅವರ ಅಜ್ಜಿ ಪಟಾಲಮ್ಮ ಹಲಸೂರಿನವಳು. ದಂಡಿನ, ಎಂದರೆ ಕಂಟೋನ್ಮೆಂಟಿನ, ಬಂಗಲೆಗಳಿಗೆ ಹಾಲು ಹಾಕುತ್ತಿದ್ದಳು. ಅಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದ ವಿಟ್ಲಾಕ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ ಅವಳಿಗೊಂದು ಹೆಣ್ಣು ಮಗುವಾಯಿತು. ಮಗು ವೆಂಕಟಮ್ಮನಿಗೆ ಮೂರು ವರ್ಷವಾಗಿದ್ದಾಗ ದೊರೆ ಹಡಗು ಹತ್ತಿ ತನ್ನ ದೇಶಕ್ಕೆ ಹೊರಟುಹೋದ. ಮುಂದೆ ಮಗಳು ಕೇಳಿದಾಗಲೆಲ್ಲ ಪಟಾಲಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ಬಿಟ್ಟು ಹೋದ."

ಆ ಮಾತನ್ನು ಹೊತ್ತುಕೊಂಡೇ ವೆಂಕಟಮ್ಮ ಬಾಳಿದಳು. ಮದುವೆಯಾಯಿತು, ಎರಡು ಮಕ್ಕಳಾದವು. ಅವಳ ಬೂದು ಕಣ್ಣು ಇಬ್ಬರಿಗೂ ಬಂದಿತ್ತು. ಬೀದಿಯ ಹುಡುಗರು ಸುಭದ್ರಮ್ಮನನ್ನು ಬೆಕ್ಕೇ ಬೆಕ್ಕೇ ಎಂದು ಕೂಗುತ್ತಿದ್ದರು. ಹದಿನೇಳರಲ್ಲಿ ಮಹದೇವಪುರದಿಂದ ಒಂದು ಸಂಬಂಧ ಕೂಡಿಬಂದು, ವೀಳ್ಯ ಬದಲಾಯಿಸುವ ಹಿಂದಿನ ದಿನ ಮುರಿದುಬಿತ್ತು. ಹುಡುಗನ ಮನೆಯವರ ಕಿವಿಗೆ ಯಾರೋ ದೊರೆಯ ವಿಷಯ ಹಾಕಿದ್ದರು. ಕೊನೆಗೆ ಕೆ.ಆರ್. ಪುರದ ಒಬ್ಬ ವಿಧುರನಿಗೆ ಅವರನ್ನು ಕೊಟ್ಟರು.

ಆದಿನಾರಾಯಣ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಮೂವತ್ತೈದು ವರ್ಷ ತಲೆ ತಗ್ಗಿಸಿ ದುಡಿದ. ನಿವೃತ್ತನಾದ ಮೇಲೆ ಉಳಿದವರು ಪಾರ್ಕು, ದೇವಸ್ಥಾನ ಹಿಡಿದರೆ ಅವನು ವಿಟ್ಲಾಕನನ್ನು ಹಿಡಿದ. ಬಸ್ಸು ಹತ್ತಿ ಪತ್ರಾಗಾರಕ್ಕೆ ಹೋಗಿ ಹಳೇ ಕಡತಗಳ ಧೂಳು ಕುಡಿದು ಬರುತ್ತಿದ್ದ. ಅಲ್ಲಿ ಸಿಕ್ಕಿದ್ದು ಇಷ್ಟೇ: ದೊರೆ ಸಬ್ ಇನ್ಸ್‌ಪೆಕ್ಟರ್ ಆಗಿ ದಂಡಿಗೆ ಬಂದದ್ದು, ಕುದುರೆ ಕಳ್ಳರ ತಂಡವೊಂದನ್ನು ಹಿಡಿದು ಬಡ್ತಿ ಪಡೆದದ್ದು, ಕಾಯಿಲೆ ಬಿದ್ದು ರಜೆ ಹಾಕಿದ್ದು, ರಾಜೀನಾಮೆ ಕೊಟ್ಟು ಹೋದದ್ದು. ಹಾಲಿನವಳ ಸುದ್ದಿಯಾಗಲೀ ಮಗುವಿನ ಸುದ್ದಿಯಾಗಲೀ ಯಾವ ಹಾಳೆಯಲ್ಲೂ ಇರಲಿಲ್ಲ.

"ಈ ವಯಸ್ಸಲ್ಲಿ ಇದೆಲ್ಲ ಯಾಕ್ರೀ?" ಎಂದು ಯಮುನಾ ಕೇಳಿದ್ದಳು.

"ಯಾಕೆ ಬಿಟ್ಟು ಹೋದ ಅಂತ ತಿಳೀಬೇಕು ಕಣೇ. ಅಮ್ಮ ಸಾಯೋ ಹೊತ್ತಲ್ಲೂ ಅದನ್ನೇ ಕೇಳಿದ್ಲು."

ಎರಡು ವರ್ಷದ ಹಿಂದೆ ಒಂದು ಸಂಜೆ ಅವನು ಕೆ.ಆರ್. ಪುರಕ್ಕೆ ಬಂದ. ಅಂಗಿ ಬೆವರಿನಿಂದ ತೊಯ್ದಿತ್ತು. ಚಪ್ಪಲಿ ಬಿಡುತ್ತಲೇ, "ಅಕ್ಕಾ, ವಿಟ್ಲಾಕ್ ದೊರೆ ವಿಷ್ಯ ಗೊತ್ತಾಯ್ತು. ಕೂತ್ಕೋ, ಹೇಳ್ತೀನಿ," ಎಂದ.

ಒಳಗೆ ಸುಭದ್ರಮ್ಮನ ಸೊಸೆಯ ತವರಿನವರು ಕುಳಿತಿದ್ದರು. ಸುಭದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಅವನ ದೆಸೆಯಿಂದ ನಾನು ಪಟ್ಟಿದ್ದು ಸಾಲ್ದಾ? ಇನ್ನೊಂದ್ಸಲ ಈ ಮನೇಲಿ ಆ ಹೆಸರು ಎತ್ತಿದ್ರೆ ನನ್ ಹೆಣ ನೋಡ್ತೀಯ. ನಡಿ ಆಚೆಗೆ!"

ಅವನು ಬಗ್ಗಿ ಚಪ್ಪಲಿ ಹಾಕಿಕೊಂಡು ಹೊರಟುಹೋದ. ಮುಂದಿನ ಎರಡು ಗೌರಿ ಹಬ್ಬಕ್ಕೆ ಮಗ ವಸಂತನ ಕೈಲಿ ಬಾಗಿನ ಕಳಿಸಿದನೇ ಹೊರತು ತಾನು ಬರಲಿಲ್ಲ.

*

ಬಿಸಿಲೇರುವ ಹೊತ್ತಿಗೆ ಶಾಮಿಯಾನದ ಬಳಿ ಒಂದು ಆಟೋ ನಿಂತಿತು. ಚಾಲಕ ಇಳಿದು, ಹಿಂದೆ ಕುಳಿತಿದ್ದ ಮುದುಕಿಯನ್ನು ಮಗುವಿನ ಹಾಗೆ ಎತ್ತಿಕೊಂಡೇ ಒಳಗೆ ಬಂದ. ತೊಂಬತ್ತರ ಆಸುಪಾಸಿನ ಜೀವ. ಕಪ್ಪು ಬುರ್ಕಾದೊಳಗೆ ಮೂಳೆಗಳಷ್ಟೇ ಇದ್ದಂತಿತ್ತು.

ವಸಂತ ಓಡಿಬಂದು ಕುರ್ಚಿ ಹಾಕಿದ. "ಅತ್ತೆ, ಇವ್ರು ಬದ್ರುನ್ನೀಸಾ ಅಜ್ಜಿ, ಶಿವಾಜಿನಗರದೋರು. ಇವ್ರು ಅನೀಸ್, ಅವರ ಮೊಮ್ಮಗ. ಅಪ್ಪ ಶುಕ್ರವಾರ ಶುಕ್ರವಾರ ಇವ್ರ ಮನೆಗೆ ಹೋಗ್ತಿದ್ರು."

"ಯಾತಕ್ಕೆ?" ಎಂದರು ಸುಭದ್ರಮ್ಮ.

ಮುದುಕಿ ಅವರ ಮುಖವನ್ನೇ ದಿಟ್ಟಿಸಿದಳು. "ನೀನು ಅಕ್ಕ ಅಲ್ವಾ ಬೇಟಿ? ಕಣ್ಣು ನೋಡಿದ್ರೆ ಗೊತ್ತಾಯ್ತದೆ. ನಿಮ್ಮಮ್ಮಂದೂ ಇದೇ ಕಣ್ಣು."

"ನಮ್ಮಮ್ಮನ್ನ ನೀವೆಲ್ಲಿ ನೋಡಿದ್ರಿ?"

"ನನ್ ತೊಡೆ ಮೇಲೇ ಮಲಗಿದ್ಲಲ್ಲಾ." ಮುದುಕಿ ಮೊಮ್ಮಗನ ಕಡೆ ತಿರುಗಿದಳು. "ಇವರ ತಮ್ಮ ಹೇಳ್ಲಿಲ್ವಾ, ಅನೀಸ್?"

"ಹೇಳಕ್ಕೆ ಹೋಗಿದ್ರು ದಾದಿ, ನೀವು ಹೇಳಿದ್ ದಿನಾನೇ. ನಮ್ಮನೆಯಿಂದ ನಾನೇ ಆಟೋದಲ್ಲಿ ಕೆ.ಆರ್. ಪುರಕ್ಕೆ ಬಿಟ್ಟೆ," ಎಂದ ಅನೀಸ್. ಸುಭದ್ರಮ್ಮನನ್ನು ನೋಡಿ ದನಿ ತಗ್ಗಿಸಿದ. "ಗಲ್ಲಿ ಗಲ್ಲಿ ತಿರುಗಿ ಹಳೇ ಪೊಲೀಸ್ನೋರ ಮನೆ ಯಾವ್ದು ಅಂತ ಕೇಳ್ಕೊಂಡು ನಮ್ಮನೆಗೆ ಬಂದಿದ್ರು ಅಮ್ಮ. ಕೆ.ಆರ್. ಪುರದಿಂದ ವಾಪಸ್ ಬರ್ತಾ, ಅಕ್ಕ ಕೇಳಕ್ಕೆ ಒಪ್ಲಿಲ್ಲ ಅಂದ್ರು."

ಸುಭದ್ರಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರು. "ಏನು ಹೇಳಕ್ಕೆ ಬಂದಿದ್ದ ಅವನು?"

*

ಬದ್ರುನ್ನೀಸಾಳ ತಂದೆ ಅಕ್ತರ್ ವಿಟ್ಲಾಕ್ ದೊರೆಯ ಆರ್ಡರ್ಲಿ. ದೊರೆಯ ಬೂಟಿಗೆ ಪಾಲಿಶ್ ಹಾಕಿ, ಕುದುರೆ ಹಿಡಿದು, ಅವನ ಹಿಂದೆಯೇ ಇರುತ್ತಿದ್ದವನು. ದೊರೆ ಊರಿಗೆ ಹೊರಡುವುದು ಗಟ್ಟಿಯಾದಾಗ ಮಗುವನ್ನೂ ಕರೆದೊಯ್ಯುತ್ತೇನೆ ಎಂದ. ತಾಯಿಯನ್ನು ಕರೆದೊಯ್ಯುವ ಮಾತಿರಲಿಲ್ಲ. ಪಟಾಲಮ್ಮ ಕತ್ತಲಾದ ಮೇಲೆ ಮಗುವನ್ನು ಎತ್ತಿಕೊಂಡು ಬಂದು ಅಕ್ತರನ ಕಾಲಿಗೆ ಬಿದ್ದಳು.

"ಅಬ್ಬಾ ಅವಳನ್ನ ಎಬ್ಬಿಸಿದ್ರು," ಎಂದಳು ಬದ್ರುನ್ನೀಸಾ. "ಮಗೂನ ಇಸ್ಕೊಂಡು ಒಳಗೆ ಹೆಂಗಸರ ಕೋಣೇಲಿ ಬಿಟ್ರು. ನಾನು ಎಂಟು ವರ್ಷದ ಹುಡುಗಿ, ರಜಾಯಿ ಹೊದ್ದು ಅವಳನ್ನ ತಬ್ಕೊಂಡಿದ್ದೆ. ಬೆಳಿಗ್ಗೆ ದೊರೆ ಪೊಲೀಸರನ್ನ ಕರ್ಕೊಂಡು ಬಂದ. ಒಳಗೆ ಹೆಂಗಸರವ್ರೆ ಸಾಬ್, ಮಗು ಇಲ್ಲ, ಖುದಾ ಕಸಂ ಅಂದ್ಬಿಟ್ರು ಅಬ್ಬಾ. ಅವರು ಆಡಿದ ಸುಳ್ಳು ಅದೊಂದೇ. ದೊರೆ ಒಳಗೆ ನುಗ್ಲಿಲ್ಲ. ಹೊರಗೆ ನಿಂತು ವೆಂಕೀ, ವೆಂಕೀ ಅಂತ ಕೂಗ್ದ. ದೊಡ್ಡ ಆಫೀಸರ್ರು, ಗಲ್ಲೀಲಿ ಎಲ್ಲರ ಮುಂದೆ ಅಳ್ತಿದ್ದ. ಅವಳಿಗೆ ಆ ಗಂಟಲು ಗೊತ್ತು. ಓಡಿಹೋಗಕ್ಕೆ ಒದ್ದಾಡ್ತಾ ಇದ್ಲು. ನಾನು ಬಿಡ್ಲಿಲ್ಲ."

"ಆಮೇಲೆ?"

"ದೊರೆ ಹಡಗು ಹತ್ತಿದ. ಸುಳ್ಳು ಹೇಳಿದ್ದು ಗೊತ್ತಾಗಿ ಅಬ್ಬನ ಬೆಲ್ಟ್ ಕಿತ್ಕೊಂಡು ಮನೆಗೆ ಕಳಿಸಿದ್ರು. ಸಾಯೋವರೆಗೂ ಜಟಕಾ ಓಡಿಸಿದ್ರು."

"ಅಜ್ಜಿ ಯಾಕೆ ಹೇಳ್ಲಿಲ್ಲ? ಬಿಟ್ಟು ಹೋದ, ಬಿಟ್ಟು ಹೋದ ಅಂತಾನೇ..."

"ಮಗು ಬೇಕು ಅಂತ ಬಂದಿದ್ದ ಅಂತ ಹೇಳಿದ್ರೆ, ದೊಡ್ಡವಳಾಗಿ ಅಪ್ಪನ್ನ ಹುಡುಕ್ಕೊಂಡು ಹೋಗ್ಬಿಡ್ತಾಳೆ ಅಂತ ಭಯ ಬೇಟಿ. ಒಂದೇ ಮಗು."

ಸುಭದ್ರಮ್ಮನಿಗೆ ತಾಯಿಯ ನೆನಪಾಯಿತು. ಹಬ್ಬದ ದಿನ ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ ತಾಯಿ. ಯಾರಿಗೂ ಬೇಡವಾದವಳ ಹಾಗೆ ಎಪ್ಪತ್ತು ವರ್ಷ ಬದುಕಿದವಳು. ಅವಳಿಗಾಗಿ ಒಂದು ಗಲ್ಲಿಯಲ್ಲಿ ಒಬ್ಬ ಅತ್ತಿದ್ದ, ಒಬ್ಬ ಸುಳ್ಳು ಆಣೆ ಇಟ್ಟಿದ್ದ.

ಅವರು ತಮ್ಮನ ಕಡೆ ತಿರುಗಿದರು. "ಆದೀ," ಎಂದರು. "ಏಳೋ. ಕೂತ್ಕೋತೀನಿ, ಹೇಳೋ." ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. ಯಮುನಾ ಬಂದು ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಹೊರಗೆ ಚಟ್ಟ ಸಿದ್ಧವಾಯಿತು. ಕಾರ್ಯ ಮಾಡಿಸುತ್ತಿದ್ದ ಹಿರಿಯ ಮುನಿಆಂಜನಪ್ಪ ಅಕ್ಕಿಯ ತಟ್ಟೆ ಹಿಡಿದು ಒಳಗೆ ಬಂದರು. "ಹೊತ್ತಾಯ್ತು, ಕಲ್ಪಳ್ಳಿ ಸ್ಮಶಾನಕ್ಕೆ ಹೋಗ್ಬೇಕು. ಮನೆಯೋರು, ರಕ್ತಸಂಬಂಧದೋರು ಬಂದು ಬಾಯಿಗೆ ಅಕ್ಕಿ ಹಾಕ್ರಪ್ಪ."

ವಸಂತ ಹಾಕಿದ. ಯಮುನಾ ಹಾಕಿದಳು. ಸುಭದ್ರಮ್ಮ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಕುರ್ಚಿಯ ಬಳಿ ಹೋದರು.

"ಏಳಿ ಅಮ್ಮ," ಎಂದರು ಬದ್ರುನ್ನೀಸಾಳಿಗೆ.

"ಏನ್ ತಾಯಿ, ಅವ್ರು..." ಎಂದು ಮುನಿಆಂಜನಪ್ಪ ಬಾಯಿ ತೆರೆದರು. ಸುಭದ್ರಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅನೀಸ್ ಒಂದು ಕಡೆ, ಅವರು ಒಂದು ಕಡೆ ಹಿಡಿದುಕೊಂಡು ಮುದುಕಿಯನ್ನು ಚಾಪೆಯ ಪಕ್ಕ ಕೂರಿಸಿದರು. ಅಕ್ಕಿಯನ್ನು ಅವಳ ಅಂಗೈಗೆ ಸುರಿದು, ಆ ಒಣಗಿದ ಮಣಿಕಟ್ಟಿನ ಕೆಳಗೆ ತಮ್ಮ ಕೈ ಆನಿಸಿದರು.

ಕಾಳುಗಳು ಅರ್ಧ ಬಾಯಿಗೆ ಬಿದ್ದವು, ಅರ್ಧ ಅವನ ಬಿಳಿ ಮೀಸೆಯ ಮೇಲೆ ಚೆಲ್ಲಿದವು. ಬದ್ರುನ್ನೀಸಾ ಬಗ್ಗಿ, ಉಂಡ ಮಗುವಿನ ಮೂತಿ ಒರೆಸುವ ಹಾಗೆ, ತನ್ನ ದುಪಟ್ಟಾದ ಅಂಚಿನಿಂದ ಅವನ್ನು ಮೆಲ್ಲಗೆ ಒರೆಸತೊಡಗಿದಳು.