ಅಧ್ಯಕ್ಷರ ಮುಖ

ದೇಶವೇ ಡಿಜಿಟಲ್ ಆಗಲಿದೆ, ಪಂಚಾಯಿತಿಗಳು ಅದಕ್ಕೆ ಸಜ್ಜಾಗಲಿ ಎಂದು ದಿಲ್ಲಿಯವರು ದೇವನಹಳ್ಳಿ ಕಡೆಯ ನಮ್ಮ ಪಂಚಾಯಿತಿಗೂ ಒಂದು ಯಂತ್ರ ಕಳಿಸಿದರು. ಅಧ್ಯಕ್ಷರು ದಿನಾ ಬೆಳಿಗ್ಗೆ ಅದಕ್ಕೆ ಮುಖ ತೋರಿಸಬೇಕು. ಇಲ್ಲದಿದ್ದರೆ ಕಚೇರಿಯ ಕಂಪ್ಯೂಟರೇ ತೆರೆಯುವುದಿಲ್ಲ.

ಕಾಂತರಾಜು ಯಂತ್ರಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ಮೀಸೆ ತಿರುವಿ ಮುಖ ಒಡ್ಡಿದ. ಕೆಂಪು ದೀಪ ಹತ್ತಿತು.

“ಯಾಕ್ಲಾ, ಈ ಮುಖಕ್ಕೇನು ಕಮ್ಮಿ?” ಎಂದು ಯಂತ್ರವನ್ನೇ ಗದರಿದ.

ಮೂರು ವರ್ಷದಿಂದ ಅಧ್ಯಕ್ಷರ ಕುರ್ಚಿಯಲ್ಲಿ ಕೂತವನು ಅವನೇ. ಚುನಾವಣೆ ಗೆದ್ದವಳು ಅವನ ಹೆಂಡತಿ ನಾಗವೇಣಿ ಎಂಬ ಸಣ್ಣ ಸಂಗತಿ ಊರಿಗೆಲ್ಲ ಮರೆತೇಹೋಗಿತ್ತು. ದರಿದ್ರ ಯಂತ್ರ ಮಾತ್ರ ಮರೆತಿರಲಿಲ್ಲ.

ಅಂದಿನಿಂದ ನಾಗವೇಣಿ ದಿನಾ ಬಂದು ಮುಖ ತೋರಿಸುವುದು, ಹಸಿರು ದೀಪ ಹತ್ತುವುದು, ಕಾಂತರಾಜು ಕುರ್ಚಿಯಲ್ಲಿ ಕೂರುವುದು.

“ಮುಖ ತೋರ್ಸಿದ್ದಾಯ್ತಲ್ಲ, ಹೊರಡು. ಡೈರಿಗೆ ಹಾಲು ಹಾಕ್ಬೇಕು,” ಎನ್ನುತ್ತಿದ್ದ.

ವರ್ಷದ ಕೊನೆಗೆ ದಿಲ್ಲಿಯವರು ಬೆರಗಾದರು: ಒಂದು ದಿನವೂ ತಪ್ಪಿಸದೆ ಕಚೇರಿಗೆ ಬಂದ ಅಧ್ಯಕ್ಷೆ! ಪ್ರಶಸ್ತಿ ಘೋಷಿಸಿದರು. ಜೊತೆಗೆ ಅವಳ ಹೆಸರಿಗೆ ಒಂದೇ ಒಂದು ವಿಮಾನದ ಟಿಕೆಟ್ ಬಂತು.

ಕಾಂತರಾಜು ಹೊಸ ಸಫಾರಿ ತೊಟ್ಟು ಏರ್‌ಪೋರ್ಟ್ ಬಾಗಿಲವರೆಗೂ ಹೋದ. ಬಾಗಿಲಲ್ಲಿದ್ದ ಕಾವಲಿನವನು ಟಿಕೆಟ್ ನೋಡಿ ಅವನನ್ನು ಪಕ್ಕಕ್ಕೆ ನಿಲ್ಲಿಸಿದ.

“ಈ ಏರ್‌ಪೋರ್ಟ್ ಕಟ್ಟಿರೋದೇ ನಮ್ಮಪ್ಪನ ಜಮೀನಲ್ಲಿ ಕಣಪ್ಪಾ!” ಎಂದು ಕಾಂತರಾಜು ಕೂಗಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಒಳಹೋಗುತ್ತಿದ್ದ ನಾಗವೇಣಿ ಒಮ್ಮೆ ತಿರುಗಿದಳು.

“ರೀ, ನಾನು ಮುಖ ತೋರ್ಸ್ಬಿಟ್ಟು ಬರ್ತೀನಿ. ನೀವು ಹೊರಡಿ. ಡೈರಿಗೆ ಹಾಲು ಹಾಕ್ಬೇಕು.”