ರೈಟರ್ ಜಯದೇವಪ್ಪನವರ ಜಾವಾ

೧

ಎಲ್ಲಿಂದ ಶುರು ಮಾಡಲಿ? ನಮ್ಮ ಕಡೆಯ ಕಥೆಗಳೆಲ್ಲ ಮಳೆಯಿಂದಲೇ ಶುರುವಾಗುತ್ತವೆ. ನಾನೂ ಹಾಗೇ ಬರೆದೆ: 'ಹೊರಗೆ ಒಂದೇ ಸಮನೆ ಮಳೆ ಸುರಿಯುತ್ತಿತ್ತು.' ಆಮೇಲೆ ಕ್ಯಾಲೆಂಡರ್ ನೋಡಿದರೆ ಕಥೆ ನಡೆಯುವುದು ೨೦೦೬ರ ಮಾರ್ಚ್ ತಿಂಗಳಲ್ಲಿ. ಬಣಕಲ್ ರಸ್ತೆಯಲ್ಲಿ ಒಂದು ಬಸ್ಸು ಹೋದರೆ ಇನ್ನೊಂದು ಬರುವ ತನಕ ಧೂಳು ಇಳಿಯುವುದಿಲ್ಲ. ಮಳೆಯನ್ನು ಹೊಡೆದುಹಾಕಿದೆ. (ಪಾಪ, ಚೆನ್ನಾಗಿಯೇ ಸುರಿಯುತ್ತಿತ್ತು.)

ಸರಿ, ಬೈಕಿನಿಂದಲೇ ಶುರು ಮಾಡೋಣ. ಬಣಕಲ್‌ನಿಂದ ಸ್ವಲ್ಪ ಒಳಗೆ ಜಯದೇವಪ್ಪನವರ ಮನೆ. ಪಕ್ಕದಲ್ಲಿ ಕಾಫಿ ಚೀಲ ಇಡುವ ಶೆಡ್ಡು. ಶೆಡ್ಡಿನೊಳಗೆ ಗೋಣಿತಾಟಿನ ಅಡಿಯಲ್ಲಿ ಒಂದು ಜಾವಾ ಮೋಟಾರ್‌ಸೈಕಲ್ಲು. ಮದುವೆಗೆ ಮೊದಲು ಕೊಂಡದ್ದು, ಈಗ ವರ್ಷಗಟ್ಟಲೆ ಉಸಿರೆತ್ತಿಲ್ಲ. ಅದನ್ನು ಅವರು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸುತ್ತಿದ್ದಾರೆ. ಮೆಕ್ಯಾನಿಕ್ಕುಗಳನ್ನು ಹತ್ತಿರ ಸೇರಿಸುವುದಿಲ್ಲ.

ಕಥೆ ಇಷ್ಟೇ ಆಗಿದ್ದರೆ ನಾನೂ ಆರಾಮಾಗಿರುತ್ತಿದ್ದೆ, ನೀವೂ ಆರಾಮಾಗಿರುತ್ತಿದ್ದಿರಿ.

೨

ಒಂದು ಗುಟ್ಟನ್ನು ಕೊನೆಯ ಪ್ಯಾರಾಕ್ಕೆಂದು ಎತ್ತಿಟ್ಟಿದ್ದೆ. ಜಯದೇವಪ್ಪನವರಿಗೆ ಕಣ್ಣು ಹೋಗುತ್ತಿದೆ. ಗ್ಲಾಕೋಮಾ. ಅಕ್ಕಪಕ್ಕದ್ದೆಲ್ಲ ಆಗಲೇ ಹೋಗಿದೆ. ನೇರ ಎದುರಿಗಿರುವುದು ಮಾತ್ರ ಕಾಣುತ್ತದೆ, ಅದೂ ಮಸುಕು. ಪೂರ್ತಿ ಹೋಗುವ ಮೊದಲು ತಮ್ಮ ಗಾಡಿಯನ್ನು ತಾವೇ ಓಡಿಸಿಕೊಂಡು, ಕಳಸದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯನ್ನು ಒಂದು ಸಲ ನೋಡಿ ಬರಬೇಕೆಂಬುದು ಅವರ ಹಟ. ಇದನ್ನು ಕೊನೆಯಲ್ಲಿ ಬಿಚ್ಚಿ ನಿಮ್ಮ ಕೈಯಲ್ಲಿ ಕರವಸ್ತ್ರ ತೆಗೆಸಬೇಕೆಂದಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ಪ್ರೇಮಕುಮಾರಿ ಕಾಫಿ ಲೋಟ ಹಿಡಿದುಕೊಂಡು ಕಥೆಯೊಳಗೆ ಬಂದುಬಿಟ್ಟರು.

"ಇದ್ರಲ್ಲಿ ಗುಟ್ಟೇನಿದೆ ಮಾರಾಯ್ರೆ? ಇಡೀ ಬಣಕಲ್‌ಗೆ ಗೊತ್ತು. ಮೊನ್ನೆ ಸಂತೇಲಿ ಯಾರ್ದೋ ಹೆಂಡ್ತಿಗೆ 'ಪ್ರೇಮಾ, ಚೀಲ ಹಿಡ್ಕೋ' ಅಂದ್ರು. ಅವ್ಳು ಹಿಡ್ಕೊಂಡ್ಲು ಕೂಡ."

೩

(ಮೂರನೆಯದನ್ನು ಹರಿದುಹಾಕಿದೆ. ಅದರಲ್ಲಿ ಬೈಕು ಬದುಕಿನ ಸಂಕೇತವಾಗಿತ್ತು.)

೪

ನಾನು ಯಾರೆಂದು ಹೇಳಲೇ ಇಲ್ಲ. ಮೊದಲ ದಿನ ಶೆಡ್ಡಿನೊಳಗೆ ಕಾಲಿಟ್ಟಾಗ ಜಯದೇವಪ್ಪನವರಿಗೂ ಹೇಳಬೇಕಾಯಿತು. "ನಾನು ರೈಟರ್" ಎಂದೆ, ಸ್ವಲ್ಪ ಗತ್ತಿನಿಂದಲೇ.

"ಯಾವ ಎಸ್ಟೇಟು?" ಎಂದರು.

ನಮ್ಮ ಸೀಮೆಯಲ್ಲಿ ರೈಟರ್ ಅಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಅವರೇ ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ರಿಟೈರ್ ಆಗುವ ತನಕ ರೈಟರ್ ಆಗಿದ್ದವರು.

"ಹಾಗಲ್ಲ, ನಾನು ಕಥೆ ಬರೆಯೋದು."

"ಓಹೋ. ಅಂದ್ರೆ ಬಾರದೇ ಇರೋರಿಗೂ ಹಾಜರಿ ಹಾಕ್ತೀರಿ ಅನ್ನಿ."

"ಹೆಚ್ಚು ಕಡಿಮೆ ಹಾಗೇ."

"ನಮ್ಮಲ್ಲಿ ಅದ್ಕೆ ಕೆಲ್ಸದಿಂದ ತೆಗೀತಿದ್ರು."

ಹೀಗೆಂದು ಕೂರಲು ಒಂದು ಪಾರ್ಚ್‌ಮೆಂಟ್ ಚೀಲ, ಸಿಪ್ಪೆ ಸುಲಿದು ಒಣಗಿಸಿದ ಕಾಫಿಬೀಜದ್ದು, ತೋರಿಸಿದರು. ಇದನ್ನೆಲ್ಲ ನಾನು ಆ ಕಾಫಿ ಚೀಲದ ಮೇಲೆ ಕೂತೇ ಬರೆಯುತ್ತಿದ್ದೇನೆ. ಬೆನ್ನಿಗೆ ಒಳ್ಳೆಯದಲ್ಲ.

೫

ಮೊದಲು ಟ್ಯಾಂಕು. ಒಳಗೆಲ್ಲ ತುಕ್ಕು. ಒಣಗಿದ ಉಪ್ಪಾಗೆ ಹುಳಿ ಕುದಿಸಿ, ಆ ನೀರನ್ನು ಟ್ಯಾಂಕಿಗೆ ತುಂಬಿಸಿ, ಮೇಲೊಂದು ಹಿಡಿ ಜಲ್ಲಿಕಲ್ಲು ಹಾಕಿ, ಗಂಡ ಹೆಂಡತಿ ಎರಡು ಕಡೆ ಹಿಡಿದು ಕುಲುಕಿದರು. ಸಾರಿಗಿಟ್ಟಿದ್ದ ಹುಳಿಯೆಲ್ಲ ಖಾಲಿಯಾಯಿತೆಂದು ಪ್ರೇಮಕುಮಾರಿ ಗೊಣಗಿದರು, ಆದರೆ ಕುಲುಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕಾರ್ಬೊರೇಟರ್. ಆಮೇಲೆ ಚೈನು, ಕ್ಲಚ್ಚು, ವೈರುಗಳು. ಕಾಣದ ಕಡೆ ಜಯದೇವಪ್ಪನವರ ಬೆರಳು ಹೋಗುತ್ತಿತ್ತು. ಬೆರಳಿಗೂ ತಿಳಿಯದ ಕಡೆ ಬೈಗುಳ ಹೋಗುತ್ತಿತ್ತು.

ಬಿಚ್ಚಿದ ಸಾಮಾನುಗಳನ್ನು ಅಡುಗೆಮನೆಯ ಹಳೇ ಡಬ್ಬಿಗಳಲ್ಲಿ ಹಾಕಿಟ್ಟಿದ್ದರು. ಒಂದೊಂದೇ ಡಬ್ಬಿ ಖಾಲಿಯಾಗುತ್ತ ಬಂತು. ಅಟ್ಟದ ಮೇಲೆ ಅವಲಕ್ಕಿ ಡಬ್ಬಿಯೊಂದು ಮಾತ್ರ ಹಾಗೇ ಉಳಿಯಿತು.

"ಅದ್ರಲ್ಲೇನಿದೆ?" ಎಂದು ಕೇಳಿದೆ.

"ಬೇಡದ್ದು."

ಬಣ್ಣದ ದಿನ ನಾನೊಂದು ತಪ್ಪು ಮಾಡಿದೆ. ಅವರು ಹಚ್ಚಿದ ಮೆರೂನ್ ಸರಿ ಬಂದಿರಲಿಲ್ಲ. 'ಬಣ್ಣ ಹೆಂಗೆ ಬಂದಿದೆ?' ಎಂದು ಅವರು ಕೇಳಿದಾಗ ಪ್ರೇಮಕುಮಾರಿ ಕಣ್ಣೊರೆಸಿಕೊಂಡು 'ಹೊಸದರ ಹಾಗೇ ಇದೆ' ಎನ್ನುತ್ತಾರೆಂದು ಬರೆದೆ. ಅವರು ಆ ಸಾಲನ್ನು ಆಡಲು ಒಪ್ಪಲಿಲ್ಲ.

"ನಾನ್ಯಾಕೆ ಸುಳ್ಳು ಹೇಳ್ಲಿ? ರೀ, ಹಣ್ಣುಕಾಫಿ ಬಣ್ಣ ಬಂದಿಲ್ಲ. ಕಣದಲ್ಲಿ ಒಣಗಿದ ಕಾಫಿ ಥರ ಕಪ್ಪಗಾಗಿದೆ."

"ಇರ್ಲಿ ಬಿಡು," ಎಂದರು ಜಯದೇವಪ್ಪನವರು. ಬ್ರಷ್ಷನ್ನು ಬಹಳ ಹೊತ್ತು ಬಟ್ಟೆಯಲ್ಲಿ ಒರೆಸಿದರು. "ಇನ್ಮೇಲೆ ನಂಗೆ ಎಲ್ಲಾ ಅದೇ ಬಣ್ಣ."

ನನಗೆ ಸಂಕಟವಾಯಿತು. ಇದಕ್ಕೆ ಜಾಣತನದ ಸಾಲೊಂದು ಸೇರಿಸಬಹುದಿತ್ತು, ಸೇರಿಸುವುದಿಲ್ಲ.

೬

ಗಾಡಿ ಜೋಡಣೆ ಮುಗಿಯುತ್ತ ಬಂತು, ನನಗೆ ಕಥೆಯ ಕೊನೆಯ ಚಿಂತೆ ಹತ್ತಿತು. ಬರೆದದ್ದನ್ನು ಇಬ್ಬರ ಮುಂದೆ ಓದಿದೆ.

ಕೊನೆ ಅ: ಜಯದೇವಪ್ಪನವರು ಯಾರಿಗೂ ಹೇಳದೆ ಒಬ್ಬರೇ ಹೊರಡುತ್ತಾರೆ. ಕಳಸ ದಾಟಿದ ಮೇಲೆ ಒಂದು ತಿರುವು...

"ಕೊಲ್ಲೋದು ಸುಲಭ ಅಲ್ವಾ ನಿಮ್ಗೆ?" ಪ್ರೇಮಕುಮಾರಿ ಕೇಳಿದರು. "ಕಾಳುಮೆಣಸು ಬಿಡಿಸೋಕೆ ಆಗುತ್ತಾ ನಿಮ್ಮ ಈ ಕೈಯಲ್ಲಿ?"

ಕೊನೆ ಆ: ಹೊಸ ಆಪರೇಷನ್ನಿನಿಂದ ಕಣ್ಣು ಮರಳುತ್ತದೆ.

ಜಯದೇವಪ್ಪನವರು ನಕ್ಕರು. "ಹೋಗಿದ್ದು ಬರಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ನೀವು ಅವ್ರಿಗಿಂತ ದೊಡ್ಡೋರಾ?"

ಕೊನೆ ಇ: ಪ್ರೇಮಕುಮಾರಿ ಬೈಕಿನ ಕೀಲಿಕೈ ಬಚ್ಚಿಡುತ್ತಾರೆ.

"ನಾನ್ಯಾಕೆ ಬಚ್ಚಿಡ್ಲಿ? ನಾನೇ ಓಡಿಸ್ತೀನಿ."

ಇದು ನಾನು ಬರೆದದ್ದಲ್ಲ, ದೇವರಾಣೆ.

"ಮೊಪೆಡ್ಡಲ್ಲಿ ಡೈರಿಗೆ ಹಾಲು ಹಾಕ್ಬಂದಷ್ಟು ಸುಲಭ ಅಂದ್ಕೊಂಡ್ಯಾ ಜಾವಾನ?" ಎಂದರು ಜಯದೇವಪ್ಪನವರು.

"ಮೊದ್ಲು ಕಣದಲ್ಲಿ ನಾಲ್ಕು ದಿನ ಸುತ್ತು ಹೊಡೀತೀನಿ. ನೀವು ಹೇಳ್ಕೊಡಿ, ಕಲ್ತ್ಕೊಳ್ತೀನಿ."

"ನಾನು ಹಿಂದ್ಗಡೆ ಕೂತು ಏನ್ ಮಾಡ್ಲಿ?"

"ಇಷ್ಟು ವರ್ಷ ನಾನು ಹಿಂದ್ಗಡೆ ಕೂತು ಏನ್ ಮಾಡ್ದೆ?"

ಜಯದೇವಪ್ಪನವರು ಸ್ಪ್ಯಾನರ್ ಹುಡುಕತೊಡಗಿದರು. ಸ್ಪ್ಯಾನರ್ ಅವರ ಕೈಯಲ್ಲೇ ಇತ್ತು.

೭

ಜೋಡಣೆ ಮುಗಿದ ಮರುದಿನ ಬೆಳಗಾಗುವ ಹೊತ್ತಿಗೆ ಬ್ಲಾಸಮ್ ಮಳೆ ಬಿದ್ದಿತ್ತು. (ಮೊದಲ ಪ್ಯಾರಾದಲ್ಲಿ ಹೊಡೆದುಹಾಕಿದ್ದೆನಲ್ಲ, ತನ್ನ ಲೆಕ್ಕದಲ್ಲಿ ತಾನೇ ಬಂತು.) ಕಣ ತೊಳೆದಂತಿತ್ತು. ಮೊದಲ ಸುತ್ತಿಗೆಂದು ಗಾಡಿಯನ್ನು ಹೊರಗೆ ತಳ್ಳಿದೆವು.

ಜಾವಾದಲ್ಲಿ ಕಿಕ್ಕು ಬೇರೆ, ಗೇರು ಬೇರೆ ಇಲ್ಲ. ಎಡಗಡೆ ಒಂದೇ ಲಿವರ್. ಎತ್ತಿ ನಿಲ್ಲಿಸಿದರೆ ಕಿಕ್ಕು, ಮಲಗಿಸಿದರೆ ಗೇರು. ಪ್ರೇಮಕುಮಾರಿಗೆ ಮಂಡಿನೋವು, ಕಿಕ್ ಹೊಡೆಯಲಾಗದು. ಅವರು ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಹ್ಯಾಂಡಲ್ ಹಿಡಿದು ಕೂತರು. ಜಯದೇವಪ್ಪನವರು ಪಕ್ಕದಲ್ಲಿ ನಿಂತು ಕಿಕ್ ಹೊಡೆದರು. ಹೊಡೆದರು. ಬೈದರು. ಮತ್ತೆ ಹೊಡೆದರು. ಗಾಡಿ ಬಡಬಡಿಸಿ, ಹೊಗೆ ಉಗುಳಿ, ನಿಂತುಹೋಯಿತು.

"ಅಯ್ಯೋ, ಆಫ್ ಆಯ್ತಲ್ಲ" ಎಂದೆ.

"ಇದು ಬ್ಲಾಸಮ್ ಅಷ್ಟೆ. ಬ್ಯಾಕಿಂಗ್ ಬರ್ಲಿ ತಡೀರಿ."

ಕಾಫಿಗೆ ಹೂ ಅರಳಿಸುವ ಮಳೆ ಬ್ಲಾಸಮ್. ಆ ಹೂವು ಕಾಯಿ ಕಚ್ಚಬೇಕಾದರೆ ಎರಡನೆಯದೊಂದು ಬರಬೇಕು, ಅದು ಬ್ಯಾಕಿಂಗ್. ಅವರು ಮತ್ತೆ ಹೊಡೆದರು. ಈ ಸಲ ಎಂಜಿನ್ ಹಿಡಿಯಿತು, ಬಿಡಲಿಲ್ಲ. ಪ್ರೇಮಕುಮಾರಿ ಸಣ್ಣ ಹುಡುಗಿಯ ಹಾಗೆ ಕಿರುಚಿದರು.

ಜಯದೇವಪ್ಪನವರ ಕೈ ಟ್ಯಾಂಕನ್ನು ಮುಟ್ಟಿತು, ಹೆಂಡತಿಯ ಬೆನ್ನನ್ನು ಮುಟ್ಟಿತು, ಹಿಂದಿನ ಸೀಟಿಗೆ ಬಂದು ನಿಂತಿತು. ಆಮೇಲೆ ಹತ್ತಿ ಕೂತರು.

ನಾನು ತಡಮಾಡಲಿಲ್ಲ. 'ಹೊರಟರು' ಎಂದು ಬರೆದೆ.

ಅವರ ಕಾಲು ಮಾತ್ರ ಗಾಳಿಯಲ್ಲಿ ತಡಕಾಡುತ್ತಿತ್ತು. ಎಡಗಾಲು, ಬಲಗಾಲು, ಎರಡೂ.

"ಪ್ರೇಮಾ, ಆಫ್ ಮಾಡು." ಅವರ ದನಿ ತಗ್ಗಿತ್ತು. "ಹಿಂದಿನ ಫುಟ್‌ರೆಸ್ಟೇ ಹಾಕಿಲ್ಲ ಮಾರಾಯ್ತಿ. ಒಬ್ನೇ ಹೋಗೋದು ಅಂದ್ಕೊಂಡಿದ್ದೆ."

ಪ್ರೇಮಕುಮಾರಿ ಆಫ್ ಮಾಡಿ ಇಳಿದರು. ಒಳಗೆ ಹೋಗಿ ಅಟ್ಟದ ಮೇಲಿನ ಅವಲಕ್ಕಿ ಡಬ್ಬಿ ತಂದರು, ಆ 'ಬೇಡದ್ದು' ಡಬ್ಬಿಯನ್ನು. ಜಯದೇವಪ್ಪನವರು ಒದ್ದೆ ಕಣದಲ್ಲೇ ಕೂತು, ಬೋಲ್ಟಿನ ಥ್ರೆಡ್ಡನ್ನು ಹೆಬ್ಬೆರಳಿನಲ್ಲಿ ಸವರಿ, ತಾವು ಕಾಲಿಡಬೇಕಾದ ಜಾಗವನ್ನು ತಾವೇ ಕೂಡಿಸತೊಡಗಿದರು.

"ರೈಟರೇ, ಏನ್ ಬರೀತಿದೀರಿ?"

"ನೀವು ಹೊರಟ್ರಿ ಅಂತ."

"ಇನ್ನೂ ಹೊರಟಿಲ್ಲ. ಹೊಡ್ದಾಕಿ."

ಹೊಡೆದುಹಾಕಿದೆ.

೮

ಅವರು ಕಳಸ ಮುಟ್ಟಿದರೇ, ಕುದುರೆಮುಖದ ರಸ್ತೆ ಅವರಿಗೆ ಎಷ್ಟು ಕಂಡಿತು, ಉಳಿದದ್ದನ್ನು ಮುಂದೆ ಕೂತ ಪ್ರೇಮಕುಮಾರಿ ಹೇಳಿ ತೋರಿಸಿದರೇ? ನೀವು ಕೇಳುತ್ತೀರಿ, ನನಗೂ ತಿಳಿಯುವ ಆಸೆ. ಆದರೆ ಬಾರದವರಿಗೆ ಹಾಜರಿ ಹಾಕಿದರೆ ಇಲ್ಲಿ ಕೆಲಸದಿಂದ ತೆಗೆಯುತ್ತಾರೆ.

ಸದ್ಯಕ್ಕೆ ಎಡಗಡೆಯದು ಕೂತಿದೆ. ಬಲಗಡೆಯದರ ನಟ್ಟು ಎಲ್ಲೋ ಉರುಳಿಹೋಗಿದೆ. ಜಯದೇವಪ್ಪನವರು ನೆಲ ಸವರುತ್ತಿದ್ದಾರೆ, ಪ್ರೇಮಕುಮಾರಿ ಬಗ್ಗಿ ಹುಡುಕುತ್ತಿದ್ದಾರೆ.

"ಕೂತ್ಕೊಂಡು ಬರೀತಾನೇ ಇರ್ತೀರಾ?" ಎಂದು ಪ್ರೇಮಕುಮಾರಿ ನನ್ನನ್ನು ಕೇಳಿದರು. "ಕಣ್ಣು ಚೆನ್ನಾಗಿದ್ಯಲ್ಲ, ಬನ್ನಿ ಹುಡುಕಿ."

ಪೆನ್ನು ಕೆಳಗಿಟ್ಟು ಎದ್ದೆ.