ಎಲೆ ನೋಡುವ ಪಟಾಲಮ್ಮ

ಎದುರಿಗೆ ಕೂತು ಉಣ್ಣುವವರ ಮುಖವನ್ನು ಪಟಾಲಮ್ಮ ನೋಡುತ್ತಿರಲಿಲ್ಲ, ಎಲೆಯನ್ನು ನೋಡುತ್ತಿದ್ದಳು. ಮುದ್ದೆಯನ್ನು ಎಷ್ಟು ಗಾತ್ರಕ್ಕೆ ಮುರಿದರು, ಸಾರನ್ನು ಎಲ್ಲಿಯವರೆಗೆ ಹರಿಯಬಿಟ್ಟರು, ಬಾಯಿಗೆ ಸಿಕ್ಕ ಕರಿಬೇವನ್ನು ತಮ್ಮ ಎಲೆಯ ಅಂಚಿಗೆ ಇಟ್ಟರೋ ಮೇಜಿನ ಮೇಲೆ ಎಸೆದರೋ, ಪಕ್ಕದಲ್ಲಿ ಕೂತ ತಾಯಿಯ ಎಲೆ ಬರಿದಾದದ್ದು ಕಣ್ಣಿಗೆ ಬಿತ್ತೋ ಇಲ್ಲವೋ, ಇಷ್ಟೂ ಅವಳಿಗೆ ಜೋಯಿಸರಿಗೆ ಜಾತಕ ಕಂಡಂತೆ ಕಾಣುತ್ತಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಅವಳು ಕೂಡಿಸಿದ ಸಂಬಂಧಗಳು ನೂರಕ್ಕೂ ಮೇಲೆ. ಅವುಗಳಲ್ಲಿ ಮೊದಲ ಹತ್ತು ವರ್ಷದವನ್ನು ಬಿಟ್ಟರೆ ಒಂದೂ ಹೋಟೆಲಿನ ಮೇಜನ್ನು ದಾಟದೆ ಚಪ್ಪರದವರೆಗೆ ಹೋದದ್ದಲ್ಲ.

ವಯಸ್ಸು ಅರವತ್ತು ದಾಟಿತ್ತು. ಎಡಗಾಲನ್ನು ತುಸು ಎಳೆದುಹಾಕಿ ನಡೆಯುತ್ತಿದ್ದಳು, ಆದರೂ ಜೊತೆಗೆ ಹೊರಟವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಿದ್ದಳು. ಸೀರೆಯ ಮೇಲೆ, ಲಾರಿ ಓಡಿಸುತ್ತಿದ್ದ ಗಂಡ ಬಿಟ್ಟುಹೋದ ಖಾಕಿ ಅಂಗಿ. ಅದರ ಎಡ ಜೇಬಿನಲ್ಲಿ ಗಂಡುಗಳ ಫೋಟೋ, ಬಲ ಜೇಬಿನಲ್ಲಿ ಹೆಣ್ಣುಗಳದು. ಮಾತುಕತೆಗೆ ಮುಂಚೆ ಎರಡೂ ಬೆರೆಯಬಾರದು ಎಂಬುದು ಅವಳ ಶಿಸ್ತು. ಈಗ ಫೋಟೋಗಳೆಲ್ಲ ಫೋನಿಗೇ ಬರುತ್ತವಾದರೂ ಶಿರಾದ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿಕೊಂಡೇ ನೋಡುವಳು. ಫೋನಿನಲ್ಲಿ ಎಲ್ಲರೂ ಒಂದೇ ಸಮ ಬೆಳ್ಳಗೆ ಕಾಣುತ್ತಾರೆಂದು ಅವಳ ತಕರಾರು. ಮಾತಿಗೊಮ್ಮೆ "ಆಗ್ಲಿ ಬುಡು" ಅನ್ನುವಳು. ಒಪ್ಪಿಗೆಗೂ ಅದೇ, ನಿರಾಕರಣೆಗೂ ಅದೇ. ಎರಡರ ನಡುವಿನ ವ್ಯತ್ಯಾಸವನ್ನು ಆ 'ಬುಡು' ಎಷ್ಟು ಉದ್ದ ಬಂತೆಂಬುದರಿಂದ ಗಂಡಿನ ಕಡೆಯವರೇ ಅರ್ಥಮಾಡಿಕೊಳ್ಳಬೇಕಿತ್ತು.

ಈ ಪದ್ಧತಿ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವನ್ನು ಅವಳು ಹತ್ತು ವರ್ಷ ನಡೆಸಿ ಬೇಸತ್ತಿದ್ದಳು. ಉಪ್ಪಿಟ್ಟು, ಕೇಸರಿಬಾತು, ಇಸ್ತ್ರಿ ಮಾಡಿದ ಅಂಗಿ, ಗರ್ಭಗುಡಿಯ ವಿಗ್ರಹದ ಹಾಗೆ ಅಲ್ಲಾಡದೆ ಕೂತ ಹುಡುಗ. ಅಲ್ಲಿ ಯಾರಿಗೆ ಏನು ತಿಳಿಯಬೇಕು? ಅದಕ್ಕೇ ಅವಳು, ಮನೆ ಮೆಟ್ಟಿಲು ಹತ್ತುವ ಮೊದಲು ಎರಡೂ ಕಡೆಯವರು ನಡುವಿನ ಊರಿನಲ್ಲಿ ಒಂದು ಊಟ ಮಾಡಬೇಕು ಎಂಬ ಕಟ್ಟಳೆ ತಂದಳು. ಪಾವಗಡದ ಗಂಡಿಗೂ ಕೊರಟಗೆರೆಯ ಹೆಣ್ಣಿಗೂ ನಡುವಿನ ಊರೆಂದರೆ ಮಧುಗಿರಿ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ, ಬಾಗಿಲಲ್ಲಿ ನಿಂತರೆ ಬೆಟ್ಟ ಮೈಮೇಲೆ ಬಂದಂತೆ ಕಾಣುವ ಸಂದಿಯಲ್ಲಿ, ಅಡವಯ್ಯನವರ ಮುದ್ದೆ ಹೋಟೆಲು.

ಆ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷದಿಂದ ಬಡಿಸುತ್ತಿದ್ದವನು ಬೋರಯ್ಯ. ಇಬ್ಬರಿಗೂ ಒಂದು ಒಳ ಒಪ್ಪಂದವಿತ್ತು. ಎಲ್ಲರಿಗೂ ಎಲೆ ಹಾಕಿದ ಮೇಲೆ ಪಟಾಲಮ್ಮ ನೀರಿನ ಲೋಟವನ್ನು ಎಡಕ್ಕೆ ಸರಿಸಿದಳೆಂದರೆ, ಬೋರಯ್ಯ ಸಾಲಿನಲ್ಲಿ ಉಳಿದವರಿಗೆಲ್ಲ ಮುದ್ದೆ ಇಟ್ಟು ಗಂಡನ್ನು ಮಾತ್ರ ದಾಟಿ ಹೋಗುತ್ತಿದ್ದ. ಐದು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ, ಬರಿ ಎಲೆಯ ಮುಂದೆ ಹುಡುಗ ಕೂತಿರಬೇಕು. ಸುತ್ತ ಎಲ್ಲರೂ ಉಣ್ಣುತ್ತಿರುವಾಗ, ಬಸ್ಸಾರಿನ ವಾಸನೆ ಮೂಗಿಗೆ ಅಡರುತ್ತಿರುವಾಗ, ಆ ಹಸಿದ ಹತ್ತು ನಿಮಿಷದಲ್ಲಿ ಅವನೇನು ಮಾಡುತ್ತಾನೆಂಬುದೇ ಪರೀಕ್ಷೆ.

ಹುಲಿಕುಂಟೆ ಕಡೆಯ ಒಬ್ಬ, ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದಲ್ಲಿದ್ದವನು, ಮೂರನೇ ನಿಮಿಷಕ್ಕೆ "ಲೇ, ಕಣ್ ಕಾಣ್ಸಾಕಿಲ್ವೇನಲಾ ನಿಂಗೆ?" ಎಂದು ಲೋಟ ಕುಕ್ಕಿದ. ಆ ಸಂಬಂಧ ಅಲ್ಲೇ ಮುಗಿಯಿತು. ಹುಡುಗಿಯ ತಂದೆ ಎಷ್ಟು ಅಂಗಲಾಚಿದರೂ ಪಟಾಲಮ್ಮನ ಉದ್ದದ 'ಬುಡು' ಗಿಡ್ಡವಾಗಲಿಲ್ಲ. ಚನ್ನರಾಯನದುರ್ಗದ ಇನ್ನೊಬ್ಬ, ನಾಚಿಕೆಯ ಮುದ್ದೆಯಂಥ ಹುಡುಗ, ತನಗೆ ಬರಲಿಲ್ಲವೆಂದು ಕೇಳಲೂ ಬಾರದೆ, ಕೊನೆಗೆ ಬೋರಯ್ಯ ಬಡಿಸಿದಾಗ ಗಾಬರಿಯಲ್ಲಿ ಮೊದಲ ತುತ್ತನ್ನೇ ಅಂಗಿಯ ಮೇಲೆ ಬೀಳಿಸಿಕೊಂಡು, ಬೋರಯ್ಯನ ಮುಖ ನೋಡಿ ತಾನೇ ನಕ್ಕುಬಿಟ್ಟ. ಪಟಾಲಮ್ಮ ಅಂದೇ ಸಂಬಂಧ ಗಟ್ಟಿ ಮಾಡಿದಳು. ಅವರಿಗೀಗ ಎರಡು ಮಕ್ಕಳು, ಸಿದ್ದರಬೆಟ್ಟದ ತಪ್ಪಲಿನಲ್ಲಿ ಚೆನ್ನಾಗಿದ್ದಾರೆ. ಇಂಥವನ್ನು ಜನ ಹೇಳಿಕೊಂಡರು, ಮದುವೆ ಮನೆಗಳಲ್ಲಿ ನಗುತ್ತ ವರ್ಣಿಸಿದರು, ಬಸ್ಸಿನಲ್ಲಿ ಅಪರಿಚಿತರಿಗೂ ಹೇಳಿದರು. 'ಪಟಾಲಮ್ಮನ ಊಟ' ಎಂದರೆ ನಾಲ್ಕು ತಾಲ್ಲೂಕಿನಲ್ಲೂ ಗೊತ್ತಾಗುವಂತಾಯಿತು. ಅವಳಿಗೆ ಅದು ಹೆಮ್ಮೆಯ ಸಂಗತಿಯೇ ಆಗಿತ್ತು. ಅದರಲ್ಲೇ ಕೇಡೊಂದು ಮೊಳೆಯುತ್ತಿದೆಯೆಂದು ಆಗ ಯಾರಿಗೂ ತಿಳಿಯಲಿಲ್ಲ.

ಲೋಹಿತಾ ಅವಳ ತಂಗಿಯ ಮಗಳು. ತಾಯಿ ತೀರಿಕೊಂಡ ಮೇಲೆ ಶಿರಾದಲ್ಲಿ ಪಟಾಲಮ್ಮನ ಮನೆಯಲ್ಲೇ ಬೆಳೆದವಳು, ಅಲ್ಲಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಊರವರ ಮಕ್ಕಳಿಗೆಲ್ಲ ಗಂಡು ಹುಡುಕಿದವಳು ತನ್ನ ಮಡಿಲಲ್ಲಿ ಬೆಳೆದ ಮಗುವಿಗೆ ಹುಡುಕುವಾಗ ಎರಡು ವರ್ಷ ತೆಗೆದುಕೊಂಡಳು. ಕೊನೆಗೆ ಮನಸ್ಸಿಗೆ ಬಂದವನು ಪಾವಗಡದ ಕಡೆಯ ರಂಗಸ್ವಾಮಿ, ಸೋಲಾರ್ ಕೆಲಸದ ಸೂಪರ್‌ವೈಸರ್. ಊಟಕ್ಕೆ ಮಧುಗಿರಿಯೇ ಗೊತ್ತಾಯಿತು.

ಅಂದು ಪಟಾಲಮ್ಮ ಲೋಟ ಸರಿಸಿದಳು, ಬೋರಯ್ಯ ದಾಟಿ ಹೋದ. ರಂಗಸ್ವಾಮಿ ಬರಿ ಎಲೆಯ ಮುಂದೆ, ಎಂದಿಗಿಂತ ಹೆಚ್ಚು, ಹದಿನೈದು ನಿಮಿಷ ಕೈಕಟ್ಟಿ ಕೂತಿದ್ದ. ನಡುವೆ ತಾಯಿಯ ಲೋಟಕ್ಕೆ ನೀರು ತುಂಬಿದ. ಬೋರಯ್ಯ ಕೊನೆಗೂ ಬಂದಾಗ, "ಅಣ್ಣಾ, ನಿಧಾನಕ್ಕೆ ಬಡ್ಸಿ, ನಂಗೇನೂ ಆತುರ ಇಲ್ಲ" ಎಂದ. ಅವನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮಾವಾಡು ಬಂಗಾರಮಮ್ಮಾ" ಎಂದು ತನ್ನ ಗಡಿಸೀಮೆಯ ತೆಲುಗಿನಲ್ಲಿ ಮಗನನ್ನು ಚಿನ್ನವೆಂದಳು. ಅಷ್ಟು ವರ್ಷದಲ್ಲಿ ಅಂಥ ಎಲೆಯನ್ನು ಪಟಾಲಮ್ಮ ನೋಡಿರಲಿಲ್ಲ. ಅಗುಳೊಂದೂ ಹೊರಗೆ ಬಿದ್ದಿರಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಲೋಹಿತಾ ಮೆಲ್ಲಗೆ ಹೇಳಿದಳು.

"ದೊಡ್ಡಮ್ಮ, ಅವ್ರು ಒಂದ್ ಸಲಾನೂ ನನ್ ಕಡೆ ನೋಡ್ಲಿಲ್ಲ. ನಿನ್ನೇ ನೋಡ್ತಿದ್ರು. ಯಾಕೋ ನಂಗೆ ಸರಿ ಬರ್ತಿಲ್ಲ."

"ದೊಡ್ಡೋರು ಅಂತ ಮರ್ವಾದೆ ಕಣವ್ವ ಅದು. ನಾನು ನೋಡಿಲ್ವಾ? ನಂಗೊತ್ತಾಗಾಕಿಲ್ವಾ?" ಎಂದು ಪಟಾಲಮ್ಮ ಅವಳ ಬೆನ್ನು ಸವರಿದಳು. ಮದುವೆಯಾಯಿತು.

ಹದಿನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಲೋಹಿತಾ ಒಂದೇ ಬ್ಯಾಗು ಹಿಡಿದು ಶಿರಾಕ್ಕೆ ಬಂದಳು. ಎಡ ಹುಬ್ಬು ಸೀಳಿ ಹೊಲಿಗೆ ಬಿದ್ದಿತ್ತು. ಕೇಳಿದ್ದಕ್ಕೆ ಅವಳು ಹೆಚ್ಚೇನೂ ಹೇಳಲಿಲ್ಲ. ಊಟ ತಡವಾದರೆ ತಟ್ಟೆ ಹಾರುತ್ತದೆ, ಬಿಸಿ ಹೆಚ್ಚಾದರೂ ಹಾರುತ್ತದೆ, ಈ ಸಲ ತಪ್ಪಿಸಿಕೊಳ್ಳಲು ಆಗಲಿಲ್ಲ, ಇಷ್ಟೇ. ಬೇರೇನಾದರೂ ಕಾರಣವಿದ್ದಿದ್ದರೆ ಪಟಾಲಮ್ಮ ಹಣೆಬರಹವನ್ನು ಬೈದು ಸುಮ್ಮನಾಗಬಹುದಿತ್ತು. ತಾನು ನೋಡಿ, ತೂಗಿ, ಒಪ್ಪಿದ್ದೇ ಊಟದ ಮುಂದೆ ಅವನಿಗಿದ್ದ ತಾಳ್ಮೆಯನ್ನು.

ಮರುದಿನ ಮೊದಲ ಬಸ್ಸಿಗೆ ಮಧುಗಿರಿಗೆ ಹೋಗಿ ಬೋರಯ್ಯನ ಎದುರು ನಿಂತಳು. ವಿಷಯ ಕೇಳಿ ಬೋರಯ್ಯ ಕೈಯಲ್ಲಿದ್ದ ಸಾರಿನ ಬಕೆಟ್ಟನ್ನು ಕೆಳಗಿಟ್ಟ.

"ನಾನೇ ಹೇಳ್ಕೊಟ್ಟೆ ಕಣಮ್ಮ," ಎಂದ. "ಊಟದ ದಿನಕ್ಕೆ ಮೂರು ದಿನ ಮುಂಚೆ ಬಂದಿದ್ದ. ಪಟಾಲಮ್ಮ ಎಲ್ಲಿ ಕೂತ್ಕೋತಾರೆ, ಏನ್ ನೋಡ್ತಾರೆ ಅಂತ ಕೇಳ್ದ. ಎಲ್ಲಾರ್ಗೂ ಗೊತ್ತಿರೋದೇ ಅಲ್ವಾ ಅಂತ ನಾನೂ ಜಂಬದಾಗೆ ಎಲ್ಲಾ ಹೇಳ್ಬುಟ್ಟೆ. ಎಲೆ ಹಾಕಿಸ್ಕೊಂಡು, ಬರೇ ಎಲೆ ಮುಂದೆ ಕೂತು ನೋಡಿ ಹೋದ ಕಣಮ್ಮ. ಒಳ್ಳೆ ಹುಡುಗ, ಎಷ್ಟ್ ಆಸ್ಥೆ ಅಂದ್ಕೊಂಡೆ."

ಪಟಾಲಮ್ಮ ಅವನ ಮೇಲೆ ರೇಗಲಿಲ್ಲ. ಬಸ್ಸಿನಲ್ಲಿ ಎಷ್ಟು ಜನಕ್ಕೆ ತಾನೇ ಆ ಕಥೆಯನ್ನು ಹೇಳಿ ನಗಿಸಿರಲಿಲ್ಲ! ತನ್ನ ಕೀರ್ತಿಯೇ ತನ್ನ ಮಗುವಿನ ಹುಬ್ಬನ್ನು ಸೀಳಿತೆಂದು ಅವಳಿಗೆ ತೋರಿತು. ಅದಕ್ಕಿಂತಲೂ ಅವಳನ್ನು ಹಿಂಡಿದ್ದು ನಲ್ಲಿಯ ಹತ್ತಿರದ ಆ ಮಾತು. ಕೂತ ಜಾಗದಲ್ಲೇ ಹುಡುಗಿ ಕಂಡದ್ದನ್ನು ತಾನು ಬೆನ್ನು ಸವರಿ ಮುಚ್ಚಿಸಿದ್ದಳು.

ಒಂದು ತಿಂಗಳಿಗೆ ರಂಗಸ್ವಾಮಿಯ ಕಡೆಯಿಂದ ರಾಜಿಯ ಮಾತು ಬಂತು. ಹುಡುಗ ಪಶ್ಚಾತ್ತಾಪ ಪಟ್ಟಿದ್ದಾನೆ, ಹಿರಿಯರ ಮುಂದೆ ಒಂದು ಊಟ ಮಾಡಿ ಹೆಣ್ಣನ್ನು ಕಳಿಸಿಕೊಡಿ, ಅದೇ ಹೋಟೆಲಿನಲ್ಲೇ ಆಗಲಿ ಎಂದರು. ಪಟಾಲಮ್ಮನ ಅಣ್ಣ ದಾಸಯ್ಯನಿಗೂ ಅದೇ ಸರಿ ಕಂಡಿತು. "ಸಂಸಾರ ಅಂದ್ಮೇಲೆ ಇದ್ದಿದ್ದೇ, ಕಳ್ಸಿಬುಡು," ಎಂದ. ನೂರು ಮನೆ ಕೂಡಿಸಿದವಳ ಸ್ವಂತ ಮನೆಯ ಹೆಣ್ಣು ವಾಪಸ್ಸು ಬಂದಿದೆಯೆಂದರೆ ಇನ್ನು ಮುಂದೆ ಯಾರು ಇವಳ ಮಾತು ನಂಬುತ್ತಾರೆ ಎಂಬುದನ್ನೂ ಅವನು ನೆನಪಿಸಿದ. ಅದು ಸುಳ್ಳೇನೂ ಆಗಿರಲಿಲ್ಲ. ಪಟಾಲಮ್ಮ ಲೋಹಿತಾಳನ್ನು ಕರೆದುಕೊಂಡು ಊಟಕ್ಕೆ ಹೋದಳು, ತೀರ್ಮಾನ ಏನೆಂದು ಅವಳಿಗೇ ಗೊತ್ತಿರಲಿಲ್ಲ.

ಎಲೆ ಹಾಕಿದರು. ರಂಗಸ್ವಾಮಿ ಮೊದಲಿನ ಹಾಗೆಯೇ ಕೈಕಟ್ಟಿ ಕೂತ. "ಮೊದ್ಲು ದೊಡ್ಡೋರ್ಗೆ ಬಡ್ಸಣ್ಣಾ," ಎಂದ. ದಾಸಯ್ಯ ತಲೆದೂಗಿದ. ಪಟಾಲಮ್ಮ ಎಂದಿನಂತೆ ಗಂಡಿನ ಎದುರು ಕೂರದೆ, ಈ ಸಲ ಲೋಹಿತಾಳ ಪಕ್ಕದಲ್ಲಿ ಕೂತಿದ್ದಳು. ಅವಳ ಕಣ್ಣು ಆ ಹುಡುಗಿಯ ಎಲೆಯ ಮೇಲಿತ್ತು. ಮುದ್ದೆ ಹಾಗೇ ಇತ್ತು, ಸಾರು ಅಂಚಿಗೆ ಹೋಗುತ್ತಿದ್ದರೂ ತಡೆಯುವ ಬೆರಳು ಬಂದಿರಲಿಲ್ಲ. ಅಷ್ಟರಲ್ಲಿ ಒಳಗೆ ಅಡುಗೆಮನೆಯಲ್ಲಿ ಯಾರದೋ ಕೈಜಾರಿ ಒಂದು ಸ್ಟೀಲ್ ತಟ್ಟೆ ನೆಲಕ್ಕೆ ಬಿತ್ತು. ಹೋಟೆಲಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಸದ್ದು. ಲೋಹಿತಾ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮೇಜಿನ ಕೆಳಗೆ ಬಾಗಿಬಿಟ್ಟಳು.

ಉಣ್ಣುತ್ತಿದ್ದವರೆಲ್ಲ ಅವಳತ್ತ ತಿರುಗಿದರು. ರಂಗಸ್ವಾಮಿ ಮಾತ್ರ ಪಟಾಲಮ್ಮನ ಮುಖವನ್ನೇ ನೋಡುತ್ತಿದ್ದ.

ಪಟಾಲಮ್ಮ ಬಾಗಿ ಹುಡುಗಿಯನ್ನು ಮೇಲೆತ್ತಿದಳು. ಇಡೀ ಪಂಕ್ತಿಗೆ ಕೇಳುವ ಹಾಗೆ, ಆದರೆ ಅವಳೊಬ್ಬಳನ್ನೇ ಕೇಳಿದಳು.

"ನಿಂಗೆ ಹೋಗಾಕೆ ಇಷ್ಟ ಐತಾ ಮಗ?"

"ಇಲ್ಲ ದೊಡ್ಡಮ್ಮ."

"ನೀನು ಅವತ್ತೇ ಹೇಳ್ದೆ. ನಾನು ಕೇಳ್ಲಿಲ್ಲ," ಎಂದಳು ಪಟಾಲಮ್ಮ. ಆಮೇಲೆ ಎದುರಿನವರತ್ತ ತಿರುಗಿ, "ಈ ಸಂಬಂಧ ಮಾಡ್ದೋಳು ನಾನು, ತಪ್ಪು ನಂದು. ನೂರು ಎಲೆ ನೋಡಿದ್ದೀನಿ ಅನ್ನೋ ಕೊಬ್ನಾಗೆ, ಬಾಳ್ಬೇಕಾದ ಹೆಣ್ಣನ್ನ ಒಂದ್ ಮಾತೂ ಕೇಳ್ಲಿಲ್ಲ. ಇವಳು ಬರಾಕಿಲ್ಲ. ಊರಿನಾಗೆ ಏನ್ ಹೇಳ್ಕಂತೀರೋ ಹೇಳ್ಕಳಿ," ಎಂದಳು. ದಾಸಯ್ಯ ಅವಳ ಕೈ ಜಗ್ಗಿದ, ಅವಳು ಬಿಡಿಸಿಕೊಂಡಳು.

ಹೇಳಿಕೊಳ್ಳದೆ ಇರುತ್ತಾರೆಯೇ? ಹಿಂದೆ ಹೊಗಳಿದ ಬಾಯಿಗಳೇ ಈಗ ಬಸ್ಸಿನಲ್ಲಿ ಅವಳನ್ನು ಆಡಿಕೊಳ್ಳುತ್ತವೆ. ಬರುವ ಫೋಟೋಗಳು ಕಡಿಮೆಯಾಗಿವೆ. ಬಂದ ಕೆಲವರಿಗೂ ಅವಳು ಮೊದಲು, ಹೆಣ್ಣುಮಗಳ ಜೊತೆ ತಾನೊಬ್ಬಳೇ ಅರ್ಧ ದಿನ ಮಾತಾಡಬೇಕು ಎನ್ನುತ್ತಾಳೆ; ಅದು ಎಷ್ಟೋ ತಂದೆತಾಯಿಗಳಿಗೆ ಹಿಡಿಸುವುದಿಲ್ಲ. ಲೋಹಿತಾ ಮತ್ತೆ ಲ್ಯಾಬಿಗೆ ಹೋಗುತ್ತಿದ್ದಾಳೆ.

ಮನುಷ್ಯರನ್ನು ಓದಬಲ್ಲವರೆಂದು ಹೆಸರಾದ ಇಂಥವರು ಪ್ರತಿ ಸೀಮೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ನಡಿಗೆಯಿಂದ, ನಗೆಯಿಂದ, ಎಲೆಯಿಂದ ಅವರು ಪರರ ಅಂತರಂಗವನ್ನು ಹೇಳಿಬಿಡುತ್ತಾರೆ; ನಾವು ನಮ್ಮ ಮಕ್ಕಳ ಬಾಳನ್ನು ಅವರ ಕಣ್ಣಿಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಅವರ ದುರಂತವೆಂದರೆ, ಕಣ್ಣು ಹರಿತವಾದಷ್ಟೂ ಪಕ್ಕದಲ್ಲೇ ಕೂತು ಮೆಲುದನಿಯಲ್ಲಿ ಮಾತಾಡುವವರು ಅವರಿಗೆ ಕೇಳಿಸದೆ ಹೋಗುತ್ತಾರೆ. ಬಹುಪಾಲು ಅಂಥವರು ತಪ್ಪು ತಿಳಿದ ಮೇಲೂ ಹೆಸರನ್ನು ಉಳಿಸಿಕೊಂಡು, ಹೆಣ್ಣನ್ನು ಕಳಿಸಿಕೊಟ್ಟು, ಮುಂದಿನ ಸಂಬಂಧಕ್ಕೆ ಹೊರಡುತ್ತಾರೆ. ಹೆಸರನ್ನು ಬಿಟ್ಟುಕೊಟ್ಟು ಹೆಣ್ಣನ್ನು ಉಳಿಸಿಕೊಂಡವರು ತೀರ ವಿರಳ. ಅವರನ್ನು ಯಾರೂ ಹೊಗಳುವುದಿಲ್ಲ, ಅವರೂ ತಮ್ಮನ್ನು ಕ್ಷಮಿಸಿಕೊಳ್ಳುವುದಿಲ್ಲ.